ನೀಲಿ ದೀಪದಲ್ಲಿ ಹವಳ

ಅಕ್ಕ ಹಲ್ಲಿನ ಡಾಕ್ಟರು. ಯಾವುದರ ಮೇಲಾದರೂ ಏನಾದರೂ ಅಂಟಿಕೊಂಡಿದ್ದರೆ ಅದನ್ನು ಕೆರೆದು ತೆಗೆಯುವ ತನಕ ಅವಳಿಗೆ ಅನ್ನ ಸೇರುವುದಿಲ್ಲ. ಕ್ಲಿನಿಕ್ಕಿನ ಹೊರಕೋಣೆಯಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂನಲ್ಲಿ ಕೂದಲಿನಂಥ ಹಸಿರು ಪಾಚಿ ಹಬ್ಬಿದಾಗ ಅವಳು ಮಾಡಿದ್ದೂ ಅದನ್ನೇ. ಹಲ್ಲು ಕೆರೆಯುವ ಸ್ಟೀಲಿನ ಕೊಕ್ಕೆಯನ್ನು ಕುದಿಸಿ, ಮೊಣಕೈವರೆಗೆ ಕೈ ಇಳಿಬಿಟ್ಟು, ಕಲ್ಲುಗಳನ್ನು ಒಂದೊಂದಾಗಿ ಕೆರೆಯುತ್ತಿದ್ದಳು. ಕಲ್ಲೇನೋ ಫಳಫಳ ಹೊಳೆಯುತ್ತಿತ್ತು. ವಾರ ಕಳೆಯುವುದರೊಳಗೆ ಪಾಚಿ ಮೊದಲಿಗಿಂತ ದಟ್ಟವಾಗಿ ವಕ್ಕರಿಸುತ್ತಿತ್ತು.

ರಿಸೆಪ್ಷನ್ನಿನಲ್ಲಿ ಕೂರುವ ನನಗೆ ಇದನ್ನು ನೋಡಿ ನೋಡಿ ತಲೆ ಕೆಟ್ಟಿತ್ತು. ಮೀನುಗಳನ್ನು ಯಾರಿಗಾದರೂ ದಾಟಿಸಿ ಅಲ್ಲೊಂದು ಹೂಕುಂಡ ಇಡೇ ಎನ್ನುವ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಆದರೆ ಆಡುವಂತಿರಲಿಲ್ಲ. ತೊಟ್ಟಿ ಭಾವನದು. ನಡುವೆ ಇದ್ದ ಮಡಿಕೆ ಮಡಿಕೆಯ ಹವಳವನ್ನು ಅಂಗೈಯಗಲದಿಂದ ತಟ್ಟೆಯಗಲ ಆಗುವ ತನಕ ಮಗುವಿನ ಹಾಗೆ ಸಾಕಿದವರು ಅವರು. ಅವರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಬಟ್ಟೆಬರೆ, ಕೈಗಡಿಯಾರ ಎಲ್ಲ ಕೊಟ್ಟುಬಿಟ್ಟಿದ್ದ ಅಕ್ಕ ಉಳಿಸಿಕೊಂಡದ್ದು ಜೀವವಿರುವ ಅದೊಂದನ್ನು ಮಾತ್ರ. ಈಗ ಅದರ ಮೇಲೂ ಪಾಚಿ ಹತ್ತಿತ್ತು. ಮಾಂಸವೆಲ್ಲ ಒಳಗೆ ಸೇದಿಹೋಗಿ, ಬಿಳಿ ಏಣುಗಳು ಎದ್ದು ಕಾಣುತ್ತಿದ್ದವು.

ಕೊನೆಗೆ ನಾನೇ ಮೀನಿನಂಗಡಿಯವನನ್ನು ಕರೆಸಿದೆ. ಅವನಿಗೆ ನಾನಿಟ್ಟ ಹೆಸರು ಉಪನ್ಯಾಸಕ. ಕಾಫಿ ಕುಡೀತೀರಾ ಎಂದರೂ ಕಾಫಿಯ ಚರಿತ್ರೆಯಿಂದ ಶುರುಮಾಡುವ ಆಸಾಮಿ.

"ಮೇಡಂ, ನೀರೊಳಗೇ ಕೆರೆದ್ರೆ ಅದು ಚೂರುಚೂರಾಗಿ ಎಲ್ಲಾ ಕಡೆ ಹೋಗಿ ಕೂತ್ಕೊಳ್ಳುತ್ತೆ. ನೀವು ಕಿತ್ತಿಲ್ಲ, ನಾಟಿ ಮಾಡಿದ್ದೀರ. ಅದಿರ್ಲಿ, ಲೈಟು ಎಷ್ಟೊತ್ತು ಉರಿಯುತ್ತೆ?"

ಅಕ್ಕ ಕೊಕ್ಕೆಯನ್ನು ಒರೆಸತೊಡಗಿದಳು.

"ಆರಿಸೋದೇ ಇಲ್ಲ" ಎಂದೆ ನಾನು. ಭಾವ ಹೋದ ಮೇಲೆ ಆ ತೊಟ್ಟಿ ಕತ್ತಲಾಗುವುದನ್ನು ಅಕ್ಕನಿಂದ ನೋಡಲಾಗುತ್ತಿರಲಿಲ್ಲ.

"ಹಾಗಾದ್ರೆ ಪಾಚಿಗೆ ಹಗಲೂ ರಾತ್ರಿ ಬಡಿಸಿದ್ದೀರ ಅಂತಾಯ್ತು. ಮೂರು ದಿನ ಪೂರ್ತಿ ಮುಚ್ಚಿಬಿಡಿ. ಪಂಪು ಓಡ್ತಿರ್ಲಿ. ಆಮೇಲೆ ಸತ್ತ ಪಾಚಿ ಎಳೆದು, ನೀರು ಬದಲಾಯಿಸಿ, ಪಾಚಿ ತಿನ್ನೋ ಬಸವನಹುಳ ಬಿಡೋಣ. ಅಲ್ಲೀವರೆಗೆ ಬಿಳಿ ಬೆಳಕು ಬೇಡವೇ ಬೇಡ." ಆಮೇಲೆ ಹವಳದತ್ತ ಬಗ್ಗಿ ನೋಡಿ ದನಿ ತಗ್ಗಿಸಿದ. "ಇದು ಹೋಗಿದೆ ಮೇಡಂ. ತೆಗೆದುಬಿಡಿ. ಕೊಳೆತ್ರೆ ಮೀನೂ ಉಳಿಯಲ್ಲ."

"ನಾಳೆ ಮಧ್ಯಾಹ್ನದವರೆಗೆ ಇರ್ಲಿ. ನಾನೇ ತೆಗೀತೀನಿ" ಎಂದಳು ಅಕ್ಕ.

ತೊಟ್ಟಿಗೆ ಎರಡು ದಪ್ಪ ಕಂಬಳಿ ಹೊದಿಸಿದೆವು. ಮಾರನೆಯ ದಿನ ಬಂದವರೆಲ್ಲ ಅದನ್ನೇ ನೋಡುವವರು. ಕೆನ್ನೆ ಊದಿಸಿಕೊಂಡು ಬಂದಿದ್ದ ಒಬ್ಬರು, ಮುಸುಕು ಹೊದ್ದ ತೊಟ್ಟಿಯತ್ತ ಕೈ ಮಾಡಿ, "ಇವ್ರಿಗೂ ಹಲ್ಲುನೋವಾ?" ಎಂದು ಕೇಳಿ ತಾವೇ ನಕ್ಕು, ನೋವಿಗೆ ಮುಖ ಕಿವುಚಿದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ತಲೆ ಎತ್ತಲಿಲ್ಲ.

ಮಧ್ಯಾಹ್ನ ಬಾಗಿಲು ಹಾಕಿ ಪರದೆ ಎಳೆದಳು. ಗ್ಲೌಸು ತೊಟ್ಟು, ಹವಳ ಹಾಕಲು ಬಕೆಟ್ಟು ತಂದಿಟ್ಟುಕೊಂಡಳು. ಮೊಬೈಲಿನ ಬೆಳಕು ಬಿಳಿ, ಅದು ಆಗದು. ಒಳಗೆ ಹೋಗಿ, ಹಲ್ಲಿಗೆ ತುಂಬಿದ ಸಿಮೆಂಟು ಗಟ್ಟಿಯಾಗಲು ಹಿಡಿಯುವ ಪೆನ್ನಿನಂಥ ನೀಲಿ ದೀಪ ತಂದಳು. ಕಿತ್ತಳೆ ಬಣ್ಣದ ಕನ್ನಡಕವೊಂದನ್ನು ತಾನು ಹಾಕಿಕೊಂಡು, ಇನ್ನೊಂದನ್ನು ನನ್ನ ಮೂಗಿಗೇರಿಸಿದಳು. "ಇದನ್ನ ಬರಿಗಣ್ಣಲ್ಲಿ ನೋಡ್ಬಾರ್ದು." ಇಬ್ಬರೂ ಚಿಕ್ಕ ಮಕ್ಕಳಂತೆ ಕಂಬಳಿಯೊಳಗೆ ತೂರಿಕೊಂಡೆವು. ಅವಳು ಗುಂಡಿ ಒತ್ತಿದಳು.

ನೀಲಿ ಕಾಣಲೇ ಇಲ್ಲ. ಕನ್ನಡಕ ಅದನ್ನು ನುಂಗಿಬಿಟ್ಟಿತ್ತು. ನಮಗೆ ಅಷ್ಟು ಕಾಟ ಕೊಟ್ಟ ಪಾಚಿ ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿ ಕೆಂಪಗಿತ್ತು. ಅದರ ನಡುವೆ ಹವಳ ಹಸಿರಾಗಿ ಹೊಳೆಯುತ್ತಿತ್ತು. ಎಂಥ ಹಸಿರು! ಪಾಚಿಯದಲ್ಲ, ಎಲೆಯದಲ್ಲ, ಒಳಗಿನಿಂದಲೇ ಉಕ್ಕಿ ಬರುವ ಬೆಳಕು. ಏಣುಗಳೇ ಇರಲಿಲ್ಲ. ಮೈಯೆಲ್ಲ ಉಬ್ಬಿ, ಮಡಿಕೆ ಮಡಿಕೆಯಿಂದ ನೂರಾರು ಎಳೆಗಳು ಹೊರಗೆ ಚಾಚಿಕೊಂಡು, ಕತ್ತಲ ನೀರನ್ನು ತಡಕುತ್ತಿದ್ದವು. ತೇಲಿಬಂದ ಒಂದು ಕಣವನ್ನು ಎಳೆಯೊಂದು ಹಿಡಿಯಿತು, ಪಕ್ಕದ್ದಕ್ಕೆ ಕೊಟ್ಟಿತು, ಅದು ಮಡಚಿಕೊಂಡು ಒಳಗೊಯ್ದಿತು. ಅಲ್ಲೊಂದು ಬಾಯಿತ್ತು. ಅದರಾಚೆ ಇನ್ನೊಂದು. ಮಡಿಕೆಗಳ ನಡುವಿನ ಕಣಿವೆಯುದ್ದಕ್ಕೂ ಬಾಯಿಗಳು.

ಎಲ್ಲದಕ್ಕೂ ಒಂದು ಕೊಂಕು ಮಾತು ಇಟ್ಟುಕೊಂಡಿರುವ ನಾನು ಗಾಜಿಗೆ ಹಣೆ ಒತ್ತಿ ನೋಡುತ್ತ ಕೂತೆ. ನೋಡುವವರು ಯಾರೂ ಇಲ್ಲದ ಕಡಲ ತಳದಲ್ಲಿ ಇದು ಎಷ್ಟು ಕಾಲದಿಂದ ಹೀಗೆ ಉಣ್ಣುತ್ತ ಬಂದಿದೆಯೋ ಎನ್ನಿಸಿ, ನಾನು ತೀರಾ ಚಿಕ್ಕವಳಾಗಿಹೋದೆ. ಹಾಗೆ ಚಿಕ್ಕವಳಾದದ್ದರಲ್ಲಿ ಒಂದು ಸುಖವಿತ್ತು.

ಒಂದು ಕಡೆ ಮಾತ್ರ ಕಪ್ಪು ಗೀರು ಇತ್ತು. ಕೊಕ್ಕೆ ತಾಗಿದ ಜಾಗ. ಅಕ್ಕ ದೀಪವನ್ನು ಅಲ್ಲಿಗೆ ತಂದಳು. ಗೀರಿನ ಎರಡೂ ಅಂಚಿಗೆ ದಾರದಷ್ಟು ತೆಳ್ಳಗೆ, ಉಳಿದೆಲ್ಲ ಕಡೆಗಿಂತ ಪ್ರಖರವಾಗಿ, ಹೊಸ ಚರ್ಮ ಹೊಳೆಯುತ್ತಿತ್ತು.

"ಕೂಡ್ತಾ ಇದೆ ಕಣೇ" ಎಂದಳು ಅಕ್ಕ.

ಆ ದೀಪ ಸ್ವಲ್ಪ ಹೊತ್ತಿಗೆ ತಾನಾಗಿಯೇ ಆರುವಂಥದ್ದು. ಆರಿತು. ಮತ್ತೆ ಒತ್ತಿದಳು. ಮತ್ತೆ ಆರಿದಾಗ ಒತ್ತಲಿಲ್ಲ.

"ದಿನಾ ಲೈಟು ಆರಿಸಿ ಇವ್ರು ಇಲ್ಲೇ ಕೂತ್ಕೊಳ್ಳೋರು" ಎಂದಳು ಕತ್ತಲಲ್ಲಿ. "ಬಾರೇ, ಈಗ ನೋಡು ಬಾ ಅಂತ ಕರೆಯೋರು. ಕತ್ತಲಲ್ಲಿ ನೋಡೋಕೇನಿದೆ ಅಂತ ನಾನು ಒಂದು ದಿನಾನೂ ಬರ್ಲಿಲ್ಲ."

ಹೊರಗೆ ಯಾರೋ ಬೆಲ್ ಒತ್ತಿದರು. ನಾನು ಏಳಹೋದೆ. ಅಕ್ಕ ಗ್ಲೌಸು ಕಳಚಿ, ಬರಿಗೈಯಿಂದ ನನ್ನ ಕೈ ಹಿಡಿದು ಕೂರಿಸಿದಳು. ಕಂಬಳಿಯ ಅಂಚನ್ನು ನಮ್ಮಿಬ್ಬರ ಬೆನ್ನ ಹಿಂದೆ ಎಳೆದು, ಎಲ್ಲಿಂದಲೂ ಬೆಳಕು ನುಸುಳದ ಹಾಗೆ ಬಿಗಿಯಾಗಿ ಮುಚ್ಚಿದಳು.