ಅತ್ತೆಯ ಬೆರಳು

ಕಂಬಳಿ ಕೊಳೆಯಾಗಿತ್ತು. ಅತ್ತೆಯ ಫೋನಿನೊಳಗೆ ಯಾವನೋ ಒಬ್ಬ ಅದರ ಮೇಲೆ ನೀರು ಹಾಯಿಸುತ್ತಿದ್ದ. ಕಪ್ಪು ನೀರು ಹರಿದು ಹೋದಂತೆ ಅಡಿಯಿಂದ ಒಂದು ಕೆಂಪು ಹೂವು ಕಾಣಿಸತೊಡಗಿತು. ಸೀಗಡಿ ಕಡುಬಿನ ಬಿದಿರು ಬುಟ್ಟಿಗೆ ಒರಗಿಸಿಟ್ಟ ಆ ಫೋನನ್ನು ಸಿನ್‌ಮಾನ್ ಪಕ್ಕದಿಂದ ಬಗ್ಗಿ ನೋಡಿದಳು. ಇದರಲ್ಲಿ ನೋಡುವಂಥದ್ದು ಏನಿದೆ?

ಪ್ರತಿ ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಶಾಮ್ ಶೂಯ್ ಪೋ ಬಡಾವಣೆಯ ಈ ಹಳೆಯ ಚಹಾ ಮನೆಗೆ ಬರುತ್ತಿದ್ದರು. ಮೊದಲು ಮೂವರು ಬರುತ್ತಿದ್ದರು. ಅತ್ತೆಯ ಮಗ, ಇವಳ ಗಂಡ ಚಿಲಾಮ್ ತೀರಿಹೋದ ಮೇಲೂ ಇಬ್ಬರೂ ಬರುವುದನ್ನು ಬಿಡಲಿಲ್ಲ. ಬಿಡಬೇಕೆಂದು ಯಾರೂ ಹೇಳಲಿಲ್ಲ, ಅಷ್ಟೆ. ಆದರೆ ಒಂದು ಕಾಲಕ್ಕೆ ಪಕ್ಕದ ಮೇಜಿನವರ ಮಾತಿಗೂ ಬಾಯಿ ಹಾಕುತ್ತಿದ್ದ ಅತ್ತೆ ಈಗ ಕೂತ ಕೂಡಲೇ ಫೋನು ನಿಲ್ಲಿಸಿಕೊಳ್ಳುತ್ತಿದ್ದಳು.

ಇವತ್ತು ಸಿನ್‌ಮಾನ್‌ಗೆ ಒಂದು ಮಾತು ಹೇಳಲೇಬೇಕಿತ್ತು. ತಾಯ್ ಪೋದಲ್ಲಿ, ಅವಳು ಪಾಠ ಮಾಡುವ ಶಾಲೆಯ ಹತ್ತಿರ, ಒಂದು ರೂಮು ಸಿಕ್ಕಿತ್ತು. ಮಧ್ಯಾಹ್ನದೊಳಗೆ ಉತ್ತರ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮನೆಯೊಡತಿ ಹೇಳಿದ್ದಳು. ಅತ್ತೆಗೆ ಹೇಳದೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

"ಅತ್ತೆ, ಒಂದು ವಿಷಯ."

"ಹ್ಞೂ."

"ನಾನೊಂದು ರೂಮು ನೋಡಿದೀನಿ. ತಾಯ್ ಪೋದಲ್ಲಿ."

"ತಿನ್ನು, ಆರುತ್ತೆ."

ಕಡುಬು ಆಗಲೇ ಆರಿತ್ತು. ಕೇಳಿಸಿತೋ ಇಲ್ಲವೋ ತಿಳಿಯದೆ ಸಿನ್‌ಮಾನ್ ಅತ್ತೆಯ ಬಟ್ಟಲಿಗೆ ಚಹಾ ಬಗ್ಗಿಸಿದಳು. ಅತ್ತೆ ಕಣ್ಣೆತ್ತದೆ ತೋರುಬೆರಳಿನಿಂದ ಮೇಜನ್ನು ಟಕಟಕ ಕುಟ್ಟಿದಳು. ಚಹಾ ಬಗ್ಗಿಸಿದವರಿಗೆ ಸಲ್ಲಬೇಕಾದ ಕೃತಜ್ಞತೆ ಅದು. ಬಾಯಿ ಬಿಡಬೇಕಾಗಿಲ್ಲ.

ಮದುವೆಯಾದ ಹೊಸದರಲ್ಲಿ, ಇದೇ ಮೇಜಿನಲ್ಲಿ, ಅತ್ತೆ ಬಗ್ಗಿಸಿದ ಚಹಾಕ್ಕೆ ಸಿನ್‌ಮಾನ್ ಗೆಳತಿಯರಿಗೆ ಮಾಡುವಂತೆ ಎರಡು ಬೆರಳು ಕುಟ್ಟಿಬಿಟ್ಟಿದ್ದಳು. ಚಿಲಾಮ್ ಥಟ್ಟನೆ ಅವಳ ಕೈ ಹಿಡಿದು ಐದೂ ಬೆರಳು ಮಡಚಿದ್ದ. "ಸರೀಕರಿಗೆ ಎರಡು. ದೊಡ್ಡವರಿಗೆ ಮುಷ್ಟಿ. ಅಮ್ಮ ನಿಂಗೆ ಒಂದೇ ಬೆರಳು ಕುಟ್ತಾಳೆ, ಬೇಜಾರು ಮಾಡ್ಕೋಬೇಡ. ಚಿಕ್ಕವರಿಗೆ ಅಷ್ಟೇ."

ಈಗ ಅದೇ ಮೇಜಿನಲ್ಲಿ ಎದುರಿಗೆ ಕೂತಿದ್ದ ಕ್ವೋಕ್ ತಾತ ಪೇಪರು ಮಡಚಿಟ್ಟು ನಕ್ಕ. ಅವನೂ ಪ್ರತಿ ಭಾನುವಾರದ ಗಿರಾಕಿ.

"ಯಾಕಮ್ಮಾ ಗಂಟಲು ನೋಯಿಸ್ಕೋತೀಯ? ನಿಮ್ಮತ್ತೆ ಇಲ್ಲಿಲ್ಲ. ಬೆರಳೊಂದನ್ನ ಕಾವಲಿಗೆ ಬಿಟ್ಟು ಎಲ್ಲೋ ಹೋಗಿದ್ದಾಳೆ. ಬೆಕ್ಕು ಬಂದು ಚಹಾ ಬಗ್ಗಿಸಿದ್ರೂ ಕುಟ್ತಾಳೆ. ನೋಡ್ತೀಯ?"

ಅವನು ತನ್ನ ಚಹಾ ಕುಡಿಕೆ ಎತ್ತಿ, ಮೇಜಿನ ಮೇಲೆ ಕೈಚಾಚಿ ಅತ್ತೆಯ ಬಟ್ಟಲಿಗೆ ಒಂದು ಗುಟುಕು ಸುರಿದ. ಟಕಟಕ.

"ನೋಡಿದ್ಯಾ!" ಎಂದು ತಾತ ತೊಡೆ ತಟ್ಟಿಕೊಂಡ.

ಸಿನ್‌ಮಾನ್ ನಗಲಿಲ್ಲ. ಈ ಸಲ ಕುಟ್ಟಿದ್ದು ಎರಡು ಬೆರಳು.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಬಹಳ ದಿನಗಳ ಮೇಲೆ ಅವಳಿಗೆ ಏನನ್ನೋ ತಿಳಿಯಬೇಕೆನ್ನಿಸಿತ್ತು. ಮತ್ತೆ ತಾನೇ ಬಗ್ಗಿಸಿದಳು. ಒಂದು ಬೆರಳು. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು. ಕುಡಿಕೆಗೆ ಬಿಸಿನೀರು ತುಂಬಲು ಬಂದ, ಅತ್ತೆಯದೇ ವಯಸ್ಸಿನ ಕೆಲಸದವಳು ಅವಳತ್ತ ತಿರುಗಿ, "ಇದೇನು ಮಾಕಮ್ಮ, ಕೆರೆ ಕಟ್ತಿದೀರಾ?" ಎನ್ನುತ್ತ ತಟ್ಟೆ ಒರೆಸಿ, ಬಟ್ಟಲನ್ನು ಬರಿದುಮಾಡಿ ಹೊಸ ಚಹಾ ಹಾಕಿದಳು. ಎರಡು ಬೆರಳು. ಕಣ್ಣು ಮಾತ್ರ ಕಂಬಳಿಯ ಮೇಲೇ ಇತ್ತು.

ಸಿನ್‌ಮಾನ್ ಕಂಬಳಿಯನ್ನೂ ನೋಡಿದಳು. ಕೆಂಪು ಹೂವು ಪೂರ್ತಿ ಬೆಳಗಿತು, ಆ ಮನುಷ್ಯ ನೀರು ಹಿಂಡಿದ, ಒಂದು ಕ್ಷಣ ಎಲ್ಲ ನಿಂತಿತು. ಮರುಕ್ಷಣ ಕಂಬಳಿ ಮತ್ತೆ ಕೊಳೆಯಾಗಿ ಮಲಗಿತ್ತು. ಅದೇ ಕಂಬಳಿ, ಅದೇ ಹೂವು. ಬಂದಾಗಿನಿಂದ ತಿರುಗುತ್ತಿದ್ದುದು ಅದೊಂದೇ ವಿಡಿಯೊ. ಮುಂದಿನದಕ್ಕೆ ಸರಿಸಲು ಅತ್ತೆ ಒಮ್ಮೆಯೂ ಬೆರಳೆತ್ತಿರಲಿಲ್ಲ.

ಸಿನ್‌ಮಾನ್ ಫೋನನ್ನು ಮೆಲ್ಲಗೆ ಬೋರಲು ಮಲಗಿಸಿದಳು.

"ಏಯ್, ಅದಿನ್ನೂ ಮುಗಿದಿಲ್ಲ ಕಣೇ."

"ಮುಗಿದೂ ಮುಗಿದೂ ಕಂಬಳಿ ಸವೆದುಹೋಯ್ತು, ಅತ್ತೆ."

ಕ್ವೋಕ್ ತಾತ ಅವಸರವಾಗಿ ಪೇಪರು ಬಿಡಿಸಿ ಅದರ ಹಿಂದೆ ಸೇರಿಕೊಂಡ. ಅತ್ತೆ ಕಡುಬೊಂದನ್ನು ಕಡ್ಡಿಯಲ್ಲಿ ಎತ್ತಿದಳು, ಮತ್ತೆ ಅಲ್ಲೇ ಇಟ್ಟಳು. ಬುಟ್ಟಿಯನ್ನು ಸೊಸೆಯ ಕಡೆಗೆ ತಳ್ಳಿದಳು.

"ಕಿಟಕಿ ಇದೆಯಾ?"

"ಯಾವುದಕ್ಕೆ?"

"ಯಾವುದಕ್ಕೆ ಅಂತ ಕೇಳ್ತಾಳೆ ನೋಡು! ನಿನ್ನ ತಾಯ್ ಪೋ ಅರಮನೆಗೆ."

"ಒಂದಿದೆ. ಚಿಕ್ಕದು."

"ಗಾಳಿ ಬರುತ್ತಾ, ಪಕ್ಕದ ಮನೆ ಒಗ್ಗರಣೆ ಬರುತ್ತಾ?"

"ಎರಡೂ ಬರುತ್ತೆ."

"ನಿಂಗೇನು, ಅಡುಗೆ ಮಾಡೋದು ತಪ್ಪಿತು." ಅತ್ತೆ ಮಲಗಿದ್ದ ಫೋನಿನ ಅಂಚನ್ನು ಉಗುರಿನಿಂದ ಗೀರಿದಳು. "ಹೋದ ವಾರ ನೀನು ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಯಾರ ಹತ್ರಾನೋ ಬಾಡಿಗೆ ಮಾತಾಡ್ತಿದ್ದೆ. ನಲ್ಲಿ ಬಿಟ್ರೆ ಗುಟ್ಟು ಉಳಿಯುತ್ತಾ? ಆ ಗೋಡೆ ಬಿಸ್ಕತ್ತಿನ ಹಾಗಿದೆ."

"ಮತ್ತೆ ಇವತ್ತು ಹೇಳಿದಾಗ..."

"ನಂಗೆ ಕೇಳಿಸ್ಲಿಲ್ಲ."

"ಕೇಳಿಸ್ಲಿಲ್ವಾ?"

"ಕೇಳಿಸ್ಕೊಂಡಿದ್ರೆ ಉತ್ತರ ಹೇಳ್ಬೇಕಿತ್ತಲ್ಲ."

ತಳ್ಳುಗಾಡಿಯವಳು ಕೋಳಿಕಾಲು ಕೂಗಿಕೊಂಡು ಹೋದಳು. ಅತ್ತೆ ಬೇಡವೆಂದು ಕೈಯಾಡಿಸಿದಳು. ಕೋಳಿಕಾಲು ಚಿಲಾಮ್‌ಗೆ ಇಷ್ಟವಾಗಿತ್ತು.

"ಭಾನುವಾರ?" ಎಂದಳು ಅತ್ತೆ, ಗಾಡಿಯನ್ನೇ ನೋಡುತ್ತ.

"ಇಲ್ಲಿಗೇ ಬರ್ತೀನಿ."

"ಬರದೆ ಏನು, ಕ್ವೋಕ್ ಜೊತೆ ನನ್ನ ಬಿಟ್ಟುಬಿಡ್ತೀಯಾ?" ಪೇಪರಿನ ಹಿಂದಿನಿಂದ ಒಂದು ಕೆಮ್ಮು ಬಂತು. "ಒಪ್ಪಿಗೆ ಅಂತ ಬರಿ. ಕಿಟಕಿ ಇರೋ ರೂಮು ಈ ಊರಲ್ಲಿ ನಿಂಗೆ ಕಾದು ಕೂತಿರುತ್ತಾ?"

ಸಿನ್‌ಮಾನ್ ಕೈಚೀಲದಿಂದ ಫೋನು ತೆಗೆದಳು. ಮನೆಯೊಡತಿಯ ಹೆಸರು ಹುಡುಕಿದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು.

"ತಿನ್ನೋ ಹೊತ್ತಲ್ಲಿ ಫೋನು ನೋಡ್ತಾರೇನೇ?" ಅತ್ತೆಯ ದನಿ ಎಲ್ಲೋ ಮೇಲಿನಿಂದ ಬಂತು. ಬಟ್ಟಲಿಗೆ ಚಹಾ ಬೀಳುವ ಸದ್ದಾಯಿತು.

ಸಿನ್‌ಮಾನ್ ತಲೆಯೆತ್ತಲಿಲ್ಲ. ಒಂದು ಕೈ ಬರೆಯುತ್ತಲೇ ಇತ್ತು. ಇನ್ನೊಂದರ ಐದೂ ಬೆರಳು ತಾವಾಗಿಯೇ ಮಡಚಿಕೊಂಡು ಮೇಜನ್ನು ಕುಟ್ಟಿದವು.