ಬೂದಿಯ ಕೊನೆಯ ಪಿನ್ನು

ತಣ್ಣಗೆ, ಬೆರಳ ತುದಿಯಲ್ಲಿ ಅಸಿಟೋನ್ ಆರಿಹೋಗುವಾಗಿನ ಆ ತಂಪು, ಅಷ್ಟರಲ್ಲೇ ವಾಸನೆ ಮೂಗಿಗೇರಿ ಕಣ್ಣು ಚುರ್ರೆಂದಿತು – ಒರೆಸಿದ್ದು ಸಾಕು, ಸಾಕೇ, ನಿನ್ನೆಯೂ ಹೀಗೇ ಸಾಕೇ ಸಾಕೇ ಎಂದು ತಿಕ್ಕಿಯೇ ಅಲ್ಲವೇ ಕೆಡಿಸಿದ್ದು, ಇದೇ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ತೂಗಿ ತೂಗಿ ತೂಕದಮ್ಮ ಎಂದೇ ಹೆಸರಾದವಳು ಪಿನ್ನಿನ ಮೈಮೇಲಿದ್ದ ಕೆಂಪು ಗುರುತನ್ನೇ ಕೊಳೆಯೆಂದು ಒರೆಸಿ ಹಾಕಿದಳಲ್ಲ, ಮಹಾ ಜಾಣೆ! ಪೆನ್ಸಿಲ್ ತುಂಡಿನಷ್ಟು ಪಿನ್ನು, ಪ್ಲಾಸ್ಟಿಕ್ಕಿಗೆ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆಸಿ ಅಚ್ಚಿಗೆ ಹೊಯ್ದದ್ದು, ತಿರುಗುವ ಉಕ್ಕಿನ ತಟ್ಟೆಗೆ ಒತ್ತಿಹಿಡಿದು ಐದು ಕಿಲೋಮೀಟರು ಸವೆಸಬೇಕು, ಪ್ರತಿ ಕಿಲೋಮೀಟರಿಗೂ ತೆಗೆದು ಒರೆಸಿ ತೂಗಿ ಗುರುತು ನೋಡಿ ಅದೇ ಮುಖಕ್ಕೆ ಕೂರಿಸಬೇಕು, ಕೂದಲೆಳೆಯಷ್ಟು ತಿರುಗಿದರೂ ಹೊಸದಾಗಿ ಸವೆಯತೊಡಗುತ್ತದೆ – ನಿನ್ನೆ ನಾಲ್ಕು ಕಿಲೋಮೀಟರು ಮುಗಿದಿತ್ತು, ಗುರುತೇ ಇಲ್ಲ. ಅಂದಾಜಲ್ಲಿ ಇಟ್ಟುಬಿಡಮ್ಮ ಯಾರಿಗೆ ಗೊತ್ತಾಗುತ್ತೆ, ಅಂದರು ಪ್ರೊಫೆಸರು, ಎಲ್ಲರೂ ಬೂದಿ ಮೇಡಂ ಎಂದು ಆಡಿಕೊಳ್ಳುವ ಆ ಸಂಶೋಧನೆಯ ಹುಡುಗಿ ತಲೆ ಎತ್ತದೆ, ತಟ್ಟೆಗೆ ಗೊತ್ತಾಗುತ್ತೆ ಸರ್, ಅಂದಳು. ಮತ್ತೆ ಯಾರು ಒರೆಸಿದ್ದು ಅಂತ ಗದರಿದರೆ, ಅಳಿಸಿಹೋಗೋ ಶಾಯಿ ತಂದವಳು ನಾನೇ ಸರ್, ಅಂದುಬಿಟ್ಟಳಲ್ಲ, ಅಬ್ಬಾ, ನನ್ನ ಒಡಹುಟ್ಟಿದ ತಂಗಿ ತಾನೇ ಒಡೆದ ಲೋಟಕ್ಕೆ ಇವತ್ತಿಗೂ ಅಕ್ಕನನ್ನು ದೂರುತ್ತಾಳೆ, ಇವಳು ಯಾವ ಜನ್ಮದವಳೋ!

ಉಳಿದಿರುವುದು ಇದೊಂದೇ ಪಿನ್ನು, ಬರೀ ಪ್ಲಾಸ್ಟಿಕ್ಕು ನಲವತ್ತು ಮಿಲಿಗ್ರಾಂ ಸವೆದಿತ್ತು, ನಿನ್ನ ಬೂದಿ ನಾಲ್ಕು ಮಿಲಿಗ್ರಾಮಿನೊಳಗೆ ನಿಂತರೆ ಪಂಪಿನ ದಂಡಕ್ಕೆ ಇದರದೇ ಬುಶ್ ಬಳೆ ಹಾಕಿ ನೋಡೋಣ, ಇಲ್ಲಾಂದ್ರೆ ಬೂದಿ ಬಿಟ್ಟು ಬೇರೆ ವಿಷಯ ಹಿಡಿ ತಾಯಿ, ಅಂದಿದ್ದಾರೆ ಪ್ರೊಫೆಸರು – ಮೂರು ವರ್ಷದ ಕೆಲಸವನ್ನು ಬಿಡು ಎನ್ನುವುದು ಎಷ್ಟು ಸಲೀಸು, ಜರಡಿ ಹಿಡಿದು ಸೀನಿ ಸೀನಿ ರೆಪ್ಪೆಯೆಲ್ಲ ಬೂದಿ ಹತ್ತಿ ಅಜ್ಜಿಯಂತೆ ಕಾಣುತ್ತಿದ್ದಳು, ಏನ್ ಮೇಡಮ್ಮಾ ನನಗಿಂತ ಮುಂಚೆ ನಿವೃತ್ತಿ ಆಗ್ತೀರೇನು ಅಂದರೆ ನಕ್ಕು, ಅಮ್ಮಾ ಇಲ್ಲಿ ಬನ್ನಿ, ಇದನ್ನ ಕಸ ಅಂತಾರೆ, ಒಂದ್ಸಲ ನೋಡಿ – ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಗೋಲಿಗಳು, ಗಾಜಿನ ಗೋಲಿಗಳು, ಒಂದಕ್ಕಿಂತ ಒಂದು ದುಂಡಗೆ, ಚಿಮಣಿಯ ಹೊಗೆಯೊಳಗೆ ಕೂತು ಇಷ್ಟು ಅಂದವಾಗಿ ಉಂಡೆ ಕಟ್ಟಿದವರು ಯಾರೋ, ಅಂದಿನಿಂದ ಬೂದಿಯನ್ನು ಗುಡಿಸುವಾಗಲೂ ಕೈ ಹಿಂಜರಿಯುತ್ತದೆ. ಇವತ್ತು ಶಾಯಿಯ ಸಹವಾಸವೇ ಬೇಡವೆಂದು, ಮೊದಲ ತೂಕಕ್ಕೂ ಮುಂಚೆ ಪಿನ್ನಿನ ಮೇಲ್ತುದಿಗೆ ಸೂಜಿಯಿಂದ ಗೀರಿದಳು, ಬೆಳಿಗ್ಗೆಯಿಂದ ತಟ್ಟೆ ಗಿರ್ರೆಂದು ತಿರುಗಿ ಐದೂ ಮುಗಿಯಿತು, ಆಮೇಲೆ, ನೀವೇ ತೂಗಿ ಅಮ್ಮಾ, ನಾನು ನೋಡಲ್ಲ – ನಿನ್ನೆ ಕೆಡಿಸಿದ ಕೈಗೇ ಕೊಡುತ್ತಾಳೆ, ಬೇಡ ಮೇಡಮ್ಮಾ ಅಂದರೆ, ನಿಮ್ಮ ಕೈ ಬಿಟ್ಟು ಇನ್ಯಾರ ಕೈ ನಂಬಲಿ, ಅಂದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಳೆ, ಜಡೆಯ ತುದಿ ಮಾತ್ರ ಅಲುಗುತ್ತಿದೆ. ಇಕ್ಕಳದಲ್ಲಿ ಹಿಡಿದು ಇಟ್ಟಾಯಿತು, ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿಯಾಯಿತು, ಬೆಳಿಗ್ಗೆ ಒಂದು ಬಿಂದು ಎಂಟು ನಾಲ್ಕು ಎರಡು ಆರು ಗ್ರಾಂ ಇತ್ತು, ಒಂದು ಬಿಂದು ಎಂಟು ಮೂರು ಎಂಟು ಆರಕ್ಕಿಂತ ಇಳಿಯಬಾರದು, ಅಂಕಿಗಳು ಓಡುತ್ತಿವೆ, ಒಂದು ಬಿಂದು ಎಂಟು, ನಿಂತಿತು, ಮೂರು, ನಿಂತಿತು, ಎಂಟು, ನಿಂತಿತು, ಕೊನೆಯದು ಮಾತ್ರ ನಿಲ್ಲದು, ಐದು, ಅಯ್ಯೋ ಐದಲ್ಲ, ಏಳು, ಫ್ಯಾನು ಆರಿಸಿದ್ದೇನಲ್ಲ, ಐದು, ಮೇಜಿನ ಮೇಲೆ ಮೊಣಕೈ ಊರಿದ್ದೇನಲ್ಲ ಪೆದ್ದಿ, ತೆಗೆ, ಎಷ್ಟಮ್ಮಾ, ಗೋಡೆ ಕೇಳಿದಂತಾಯಿತು, ಸುಮ್ನಿರಿ ಮೇಡಮ್ಮಾ, ಸಂತೆಯಲ್ಲಾದರೆ ಹೆಬ್ಬೆರಳು ತಾಗಿಸಿ ತೂಗಬಹುದಿತ್ತು, ಇಲ್ಲಿ ಗಾಜಿದೆ, ಗಾಜಿಲ್ಲದಿದ್ದರೂ ಈ ಹುಡುಗಿಯ ಎದುರು ಹೆಬ್ಬೆರಳು ಏಳುವುದುಂಟೇ, ಆರು, ಸವೆಯಬೇಡವೋ ಬೂದಿಯಪ್ಪಾ, ಗೋಲಿಗಳಿರಾ, ಐದು, ಆರು, ಉಸಿರು ಬಿಡಬಾರದು, ಏಳು, ಆರು, ಏಳು – ಏಳು – ಏಳು, ನಿಂತಿತು