ಅಮ್ಮನ ಎಲೆಗೆ ಚಿಪ್ಸ್

ನನ್ನ ಮಲತಾಯಿ ಚಂದ್ರಪ್ರಭಾ ಅರವತ್ತಮೂರನೆಯ ವಯಸ್ಸಿನಲ್ಲಿ, ದೋಣಿಯ ಮೇಲೆ ಬೊಂಬೆಯಾಟ ತೋರಿಸಿಕೊಂಡು ಊರೂರು ತಿರುಗುವ ಡೆರೆಕ್ ಎಂಬ ಇಂಗ್ಲಿಷಿನವನನ್ನು ಮದುವೆಯಾದಳು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅಂದರೆ, ವಿಷಯ ಮೊದಲೇ ಗೊತ್ತಿದ್ದವರಿಗೆಲ್ಲ ಹೇಳುತ್ತಿದ್ದೆ. ಗೊತ್ತಿಲ್ಲದವರಿಗೆ ತಿಳಿಸುವ ಸಮಾಜಸೇವೆಗೆ ಇಳಿಯಲಿಲ್ಲ.

ನಾನು, ಹಂಸಾ, ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ನನ್ನ ಗಂಡ ಚಿದಾನಂದ ಅರಿವಳಿಕೆ ತಜ್ಞರು. ಆಸ್ಪತ್ರೆಯಲ್ಲಿ ಬೇರೆಯವರ ಎಚ್ಚರ ತಪ್ಪಿಸುತ್ತಾರೆ, ಮನೆಗೆ ಬಂದು ತಮ್ಮದನ್ನು. ನಮ್ಮ ಬೀದಿಯಲ್ಲಿ ಒಂದು ಮನೆ ಇನ್ನೊಂದನ್ನು ಮುಟ್ಟುವುದಿಲ್ಲ, ಒಳಗಿರುವವರೂ ಅಷ್ಟೇ. ಇಂಥ ಕಡೆ ಯಾರಾದರೂ "ನಿಮ್ಮ ತಾಯಿ ಎಲ್ಲಿರ್ತಾರೆ?" ಎಂದು ಕೇಳಿದರೆ, "ಈ ವಾರ ವುಸ್ಟರ್, ಮುಂದಿನ ವಾರ ಸ್ಟ್ರಾಟ್‌ಫರ್ಡ್, ಮಳೆ ಬಂದು ನದಿ ಏರಿದರೆ ಎಲ್ಲಿಯೋ ಗೊತ್ತಿಲ್ಲ" ಎನ್ನಲಾದೀತೇ? ಆ ದೋಣಿಗೆ ಒಂದು ಪೋಸ್ಟ್‌ಕೋಡ್ ಕೂಡ ಇಲ್ಲ.

ಮಲತಾಯಿ ಎಂಬ ಮಾತನ್ನು ನಾನು ಮೊದಲ ಬಾರಿಗೆ ಆಡಿದ್ದು ಆಕೆಯ ಆ ಮದುವೆಯ ಮರುದಿನ. ಅದಕ್ಕೆ ಮುಂಚೆ ನಲವತ್ತೆರಡು ವರ್ಷ ಆಕೆ ಬರೀ ಅಮ್ಮ. ನನ್ನನ್ನು ಹೆತ್ತ ವಸುಂಧರಾ ನನಗೆ ಎರಡು ವರ್ಷವಿದ್ದಾಗ ತೀರಿಕೊಂಡಳು. ಅಪ್ಪ, ಡಾಕ್ಟರ್ ಅನಂತ, ಮರುವರ್ಷ ಚಂದ್ರಪ್ರಭಾಳನ್ನು ಕಟ್ಟಿಕೊಂಡು, ನನ್ನನ್ನೂ ಎತ್ತಿಕೊಂಡು ಬರ್ಮಿಂಗ್‌ಹ್ಯಾಮಿಗೆ ಬಂದರು. ಸೆಲ್ಲಿ ಓಕ್‌ನ ಒಂದು ಇಕ್ಕಟ್ಟಾದ ಸಾಲುಮನೆಯಲ್ಲಿ ಆಕೆ ನನಗೆ ಜಡೆ ಹಾಕಿದಳು, ಮಗ್ಗಿ ಹೇಳಿಸಿದಳು, ಮಂಜಿನಲ್ಲಿ ಬಸ್ ಸ್ಟಾಪಿನವರೆಗೆ ಸೀರೆಯ ಮೇಲೆ ಅಪ್ಪನ ಓವರ್‌ಕೋಟ್ ಹಾಕಿಕೊಂಡು ಬಂದಳು. ಶಾಲೆಯ ಹುಡುಗಿಯರು ನಗುತ್ತಾರೆಂದು ನಾನು ಆಕೆಯಿಂದ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಅಭ್ಯಾಸ ಅಲ್ಲಿಂದಲೇ ಶುರುವಾಗಿರಬೇಕು.

ಆಕೆಯ ತಂದೆ ದಾವಣಗೆರೆ ಕಡೆ ಶಾಲಾ ಮಾಸ್ತರರಾಗಿದ್ದರೆಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಯಾವ ಶಾಲೆ, ಯಾವ ಪಾಠ ಎಂದು ಯಾರೂ ಕೇಳಲಿಲ್ಲ. ಅಪ್ಪ ಸತ್ತ ಮೂರು ವರ್ಷಕ್ಕೆ, 2013ರ ಜೂನ್‌ನಲ್ಲಿ, ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿ ದೋಣಿಗೆ ಬಂದ ಮದುಮಗಳು ಅಲ್ಲಿದ್ದ ಒಂದು ಹಳೆಯ ಹಾರ್ಮೋನಿಯಂ ಎಳೆದುಕೊಂಡು ಕೂತಳು. ಆಕೆಯ ಬೆರಳುಗಳು ಓಡಿದ ರೀತಿ ನೋಡಿ ನನ್ನ ಕೈಯಲ್ಲಿದ್ದ ಕೇಕ್ ತಟ್ಟೆಯಲ್ಲೇ ಉಳಿಯಿತು. ಆಕೆಗೆ ಸಂಗೀತದ ಗಂಧವಿದೆ ಎಂಬುದೇ ನನಗೆ ತಿಳಿದಿರಲಿಲ್ಲ.

ಆಮೇಲೆ ತಾನಾಗಿಯೇ ಹೇಳಿದಳು. ತಂದೆ ದೇವೇಂದ್ರಪ್ಪನದು ನಾಟಕ ಕಂಪನಿ. ಗದಗಿನಿಂದ ಹೊರಟು ಆರೇಳು ಜಿಲ್ಲೆ ಸುತ್ತುವ ಟೆಂಟು, ಪರದೆ, ಗ್ಯಾಸ್‌ಲೈಟು. ಅಜ್ಜಿ ಗಂಗವ್ವ ಮೀಸೆ ಅಂಟಿಸಿಕೊಂಡು ಗಂಡುಪಾತ್ರ ಮಾಡುತ್ತಿದ್ದಳಂತೆ. ಅವಳ ದುರ್ಯೋಧನನಿಗೆ ಹೆದರಿ ಮುಂದಿನ ಸಾಲಿನ ಮಕ್ಕಳು ಅಳುತ್ತಿದ್ದವಂತೆ. ಚಂದ್ರಪ್ರಭಾ ಹುಟ್ಟಿದ್ದು ಕಂಪನಿಯ ಸಾಮಾನಿನ ಲಾರಿಯಲ್ಲಿ. ದೇವೇಂದ್ರಪ್ಪನ ಗಂಟಲು ಕೆಟ್ಟಾಗ ಔಷಧಿ ಕೊಟ್ಟ ಎಳೆಯ ಡಾಕ್ಟರು ಅಪ್ಪ. ಮಗಳನ್ನು ಕೇಳಿದರು. ಅಪ್ಪನ ತಂದೆ, ನಮ್ಮ ತಾತ, ಒಂದೇ ಒಂದು ಷರತ್ತು ಹಾಕಿದರು: ನಾಟಕದವರ ಮಗಳೆಂದು ಯಾರಿಗೂ ತಿಳಿಯಕೂಡದು, ಹುಡುಗಿ ತನ್ನ ಮನೆಯ ಗದಗಿನ ಭಾಷೆಯನ್ನೂ ಬಿಡಬೇಕು. ಹಾಗಾಗಿ ದೇವೇಂದ್ರಪ್ಪ ಮಾಸ್ತರರಾದರು, ಆಕೆ ನಮ್ಮ ಮೈಸೂರು ಕನ್ನಡ ಕಲಿತಳು. ಎಂದೂ ತಪ್ಪಲಿಲ್ಲ. ಪಾತ್ರವನ್ನು ನಲವತ್ತು ವರ್ಷ ಅಂಕದ ಪರದೆ ಬೀಳದೆ ಆಡಿದ್ದಾಳೆ ಅಂದಮೇಲೆ ಕಸುಬುದಾರಳೇ.

ಈ ಇತಿಹಾಸ ಕೇಳಿ ನನಗೆ ಹೆಮ್ಮೆ ಬರಬೇಕಿತ್ತು. ಬಂದದ್ದು ಸಿಟ್ಟು. ಮಾಸ್ತರರ ಮಗಳು ದೋಣಿಯವನ ಹಿಂದೆ ಹೋದರೆ ಇಳಿವಯಸ್ಸಿನ ಹುಚ್ಚೆನ್ನಬಹುದು. ನಾಟಕದವರ ಮಗಳು ಆಟದವನ ಜೊತೆ ಹೋದರೆ ತನ್ನ ಮನೆಗೆ ತಾನು ಹೋದಂತೆ. ಹಾಗಾದರೆ ನಡುವಿನ ನಲವತ್ತೆರಡು ವರ್ಷ ಆಕೆ ಎಲ್ಲಿದ್ದಳು, ನಮ್ಮ ಮನೆಯಲ್ಲಿ ತಾನೇ? ನಾನು ದೋಣಿಗೆ ಹೋಗುವುದನ್ನು ಬಿಟ್ಟೆ. ಕ್ರಿಸ್‌ಮಸ್‌ಗೊಂದು ಫೋನ್ ಮಾಡುತ್ತಿದ್ದೆ.

2017ರಲ್ಲಿ ನನ್ನ ಮಗಳು ತನ್ವಿಗೆ ಸಂಬಂಧ ಕೂಡಿಬಂತು. ಕೂಡಿಬಂತು ಎಂಬುದು ನಮ್ಮ ಸಮಾಧಾನಕ್ಕೆ. ಲೆಮಿಂಗ್ಟನ್ ಸ್ಪಾದಲ್ಲಿ ಒಂದೇ ವಿಡಿಯೊಗೇಮ್ ಕಂಪನಿಯಲ್ಲಿ ಕೆಲಸ ಮಾಡುವ ಅಖಿಲ್ ಮತ್ತು ಅವಳು ಎರಡು ವರ್ಷದ ಹಿಂದೆಯೇ ಎಲ್ಲ ಕೂಡಿಸಿಕೊಂಡಿದ್ದರು. ಅಖಿಲ್‌ನ ಮನೆಯವರು ಮೂಲ್ಕಿ ಕಡೆಯ ತುಳುವರು, ಲೀಡ್ಸ್‌ನಲ್ಲಿ ಫಾರ್ಮಸಿ ಇಟ್ಟುಕೊಂಡಿದ್ದಾರೆ. ತಂದೆ ಲೋಕಯ್ಯ ಮಾತು ಕಡಿಮೆ. ಆ ಕೊರತೆಯನ್ನು ತಾಯಿ ಲೀಲಾಕ್ಷಿ ಬಡ್ಡಿಸಮೇತ ತುಂಬಿಸುತ್ತಾರೆ.

ಲೀಲಾಕ್ಷಿಯ ಮೊದಲ ಫೋನಿಗೆ ನಾನು ಸಿದ್ಧಳಾಗಿಯೇ ಕೂತಿದ್ದೆ: ನಮ್ಮ ಗೋತ್ರ, ಅಪ್ಪನ ಆಸ್ಪತ್ರೆ, ತಾತನ ವಕೀಲಿಕೆ, ಮುತ್ತಾತನಿಗೆ ಮಹಾರಾಜರು ಹೊದಿಸಿದ ಶಾಲು. ಆಕೆ ಶಾಲಿನವರೆಗೆ ಬರಲೇ ಇಲ್ಲ.

"ಅದೆಲ್ಲ ಸರಿ. ನಮ್ಮಲ್ಲಿ ಬಳಿ, ಕುಲ ಅಂತೀರಲ್ಲ ನೀವು, ಅದು ಹಿಡಿಯುವುದು ತಾಯಿಯಿಂದ ಅಲ್ವಾ? ನಿಮ್ಮ ತಾಯಿ ಕಡೆಯದ್ದು ಹೇಳಿ. ತಾಯಿ ಇದ್ದಾರಾ?"

ಸುಳ್ಳು ಹೇಳಲು ನನಗೆ ಅರೆಗಳಿಗೆಯೂ ಹಿಡಿಯಲಿಲ್ಲ, ಏಕೆಂದರೆ ಅದು ಸುಳ್ಳಾಗಿರಲಿಲ್ಲ. "ಅಮ್ಮ ತೀರಿಕೊಂಡಿದ್ದಾರೆ" ಎಂದೆ. ಡೆತ್ ಸರ್ಟಿಫಿಕೇಟ್ ಕೇಳಿದರೆ ತೋರಿಸಬಹುದಾದಷ್ಟು ಪಕ್ಕಾ ಸತ್ಯ.

"ಅಯ್ಯೋ ಪಾಪ. ಹೇಗಿದ್ರು ಅವರು?"

ಅಲ್ಲಿ ನಾನು ನಿಲ್ಲಿಸಬೇಕಿತ್ತು. ಆದರೆ ವಸುಂಧರಾಳ ಬಗ್ಗೆ ನನಗೆ ಗೊತ್ತಿದ್ದದ್ದು ಒಂದು ಕಪ್ಪುಬಿಳುಪು ಫೋಟೊ ಮಾತ್ರ. ಲೀಲಾಕ್ಷಿಯ ದನಿಯಲ್ಲಿ ನಿಜವಾದ ಮರುಕವಿತ್ತು, ಬಾಯಿ ತಾನೇ ತೆರೆದುಕೊಂಡಿತು. ಸೀರೆಯ ಮೇಲಿನ ಓವರ್‌ಕೋಟ್ ಬಂತು. ನನಗೆ ಸೀತಾಳೆ ಸಿಡುಬು ಎದ್ದಾಗ ಹದಿನಾಲ್ಕು ದಿನ ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದು ಬಂತು. ಮೆಡಿಕಲ್ ಸೀಟು ಸಿಕ್ಕ ದಿನ ಬಸ್ ಕಂಡಕ್ಟರನಿಗೂ ಸಕ್ಕರೆ ಹಂಚಿದ್ದು ಬಂತು. ಮುಕ್ಕಾಲು ಗಂಟೆ ಮಾತಾಡಿದೆ. ಫೋನಿಟ್ಟಾಗ ಕಣ್ಣು ಒದ್ದೆಯಾಗಿತ್ತು, ಬದುಕಿರುವವಳನ್ನು ನೆನೆದು.

ಅಖಿಲ್‌ಗೆ ಎಲ್ಲ ಗೊತ್ತಿತ್ತು. ಎರಡು ಸಲ ದೋಣಿಯಲ್ಲಿ ಉಂಡು ಬಂದಿದ್ದ. ಆದರೆ ಈ ಮಕ್ಕಳು ತಂದೆತಾಯಿಗೆ ಏನನ್ನೂ ಹೇಳುವುದಿಲ್ಲ. ಆ ಒಂದು ಭರವಸೆಯ ಮೇಲೆ ನಾನು ಮದುವೆ ನಡೆಸಲು ಹೊರಟಿದ್ದೆ.

ಎರಡನೆಯ ಫೋನಿನಲ್ಲಿ ಲೀಲಾಕ್ಷಿ ಅಗೆಲಿನ ವಿಷಯ ತೆಗೆದರು. ಮದುವೆ ಮಾತು ಗಟ್ಟಿಯಾಗುವ ಮುಂಚೆ ಅವರಲ್ಲಿ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಅಪ್ಪಣೆ ಕೇಳಬೇಕು. "ನಿಮ್ಮ ತಾಯಿಗೂ ಒಂದು ಎಲೆ ಹಾಕುವ. ಅಂಥವರಿಗೆ ಬಡಿಸದೆ ನಾವು ಮುಂದೆ ಹೋಗ್ಲಿಕ್ಕೆ ಉಂಟಾ? ಅವರಿಗೆ ಎಂತ ಇಷ್ಟ, ಹೇಳಿ, ನಾನು ಬರ್ಕೊಳ್ತೇನೆ."

ಹೇಳಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮತ್ತೆ, ಸೆಲ್ಲಿ ಓಕ್‌ನ ಮೂಲೆ ಅಂಗಡಿಯವರು ಬಿಸಿಬಿಸಿಯಾಗಿ ಕರಿದುಕೊಡುವ ದಪ್ಪ ಆಲೂಗಡ್ಡೆ ಚಿಪ್ಸ್, ವಿನಿಗರ್ ಸುರಿದು, ಕಾಗದ ನೆನೆಯುವಷ್ಟು.

"ಚಿಪ್ಸಾ?" ಎಂದರು ಲೀಲಾಕ್ಷಿ. ಬರೆದುಕೊಂಡರು.

ಸೆಪ್ಟೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಲೀಡ್ಸ್‌ನವರು ನಮ್ಮ ಮನೆಗೆ ಬಂದರು. ಚಿದಾನಂದ ಆಸ್ಪತ್ರೆಯ ಪಾಳಿಯಲ್ಲಿದ್ದರು, ಇಂಥ ದಿನಗಳಲ್ಲಿ ಅವರು ಯಾವಾಗಲೂ ಪಾಳಿಯಲ್ಲಿರುತ್ತಾರೆ. ಮಕ್ಕಳು ಮಧ್ಯಾಹ್ನಕ್ಕೆ ಲೆಮಿಂಗ್ಟನ್‌ನಿಂದ ಬರುವವರಿದ್ದರು. ಲೀಲಾಕ್ಷಿ ಸೆರಗು ಸಿಕ್ಕಿಸಿ ನನ್ನ ಅಡುಗೆಮನೆಯನ್ನು ವಶಪಡಿಸಿಕೊಂಡರು. ಊಟದ ಕೋಣೆಯಲ್ಲಿ ಓಕ್ ನೆಲದ ಮೇಲೆ ಎರಡು ಬಾಳೆಲೆ ಬಿದ್ದವು: ಒಂದು ಅವರ ಅತ್ತೆಗೆ, ಒಂದು ನನ್ನ ಅಮ್ಮನಿಗೆ. ಅತ್ತೆಯ ಎಲೆಯಲ್ಲಿ ಕೋರಿ ರೊಟ್ಟಿ, ಬಂಗುಡೆ ಮೀನು. ಅಮ್ಮನ ಎಲೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಚಟ್ನಿ, ಮತ್ತು ಲೋಕಯ್ಯ ಹುಡುಕಿಕೊಂಡು ಹೋಗಿ ತಂದ ಚಿಪ್ಸ್. ದಾರಿಯಲ್ಲಿ ಆರಬಾರದೆಂದು ಆ ಮನುಷ್ಯ ಪೊಟ್ಟಣವನ್ನು ಕೋಟಿನೊಳಗೆ ಇಟ್ಟುಕೊಂಡು ಬಂದಿದ್ದರು.

ಆಗ ಬೆಲ್ ಆಯಿತು. ಬಾಗಿಲಿಗೆ ಹತ್ತಿರವಿದ್ದವರು ಲೀಲಾಕ್ಷಿ.

ತನ್ವಿ ಅಜ್ಜಿಯನ್ನು ಕರೆದಿದ್ದಳು. ನನಗೆ ಹೇಳಿರಲಿಲ್ಲ, ಸರ್‌ಪ್ರೈಸ್ ಅಂತೆ. ಕ್ಯಾಥರಿನ್-ಡಿ-ಬಾರ್ನ್ಸ್ ಹತ್ತಿರ ಕಾಲುವೆಯಲ್ಲಿ ದೋಣಿ ಕಟ್ಟಿ, ಡೆರೆಕ್‌ನನ್ನು ಅಲ್ಲೇ ಬಿಟ್ಟು, ಚಂದ್ರಪ್ರಭಾ ಒಬ್ಬಳೇ ನಡೆದು ಬಂದಿದ್ದಳು. ಇಳಕಲ್ ಸೀರೆ, ಕಾಲಲ್ಲಿ ಕೆಸರು ಮೆತ್ತಿದ ಬೂಟು.

"ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ಹಂಸಾ ಅವರ ತೀರಿಕೊಂಡ ತಾಯಿಗೆ ಬಡಿಸ್ತಾ ಇದ್ದೇವೆ. ನೀವು ಯಾರು, ಗೊತ್ತಾಗ್ಲಿಲ್ಲ?" ಎಂದರು ಲೀಲಾಕ್ಷಿ, ಸೌಟು ಹಿಡಿದುಕೊಂಡೇ.

ಚಂದ್ರಪ್ರಭಾ ಎಲೆಯನ್ನು ನೋಡಿದಳು. ಚಿಪ್ಸ್ ನೋಡಿದಳು. ಆಮೇಲೆ ನನ್ನನ್ನು. ನಾನು ಏನಾದರೂ ಹೇಳಬಹುದಿತ್ತು. ತನ್ವಿಯ ಮದುವೆ ಮುರಿಯುತ್ತದೆ ಎಂದು ನಾಲಿಗೆ ಕಚ್ಚಿಕೊಂಡು ನಿಂತೆ.

"ನಾ ಇವರ ಮನ್ಯಾಗ ಅಡಿಗಿ ಮಾಡ್ಕೊಂಡಿದ್ದೆರಿ, ಅಕ್ಕಾರ," ಎಂದಳು ಆಕೆ. "ದೊಡ್ಡ ಡಾಕ್ಟರು ಇದ್ದಾಗ. ಭಾಳ ವರ್ಷ."

ಆ ಭಾಷೆಯನ್ನು ಆಕೆಯ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಬೆನ್ನು ಕೊಂಚ ಬಾಗಿತ್ತು, ಕೈಗಳು ಸೆರಗಿನ ಅಂಚು ಹಿಡಿದಿದ್ದವು. ಬೂಟು ಬಿಚ್ಚಿ ಒಂದು ಮೂಲೆಗಿಟ್ಟಳು. ಗಂಗವ್ವನ ಮೊಮ್ಮಗಳು ನನ್ನ ಮಾನ ಉಳಿಸಲು ನನ್ನ ಮನೆಯಲ್ಲೇ ಅಡುಗೆಯವಳಾಗಿ ನಿಂತಳು. ನಾನು ಉಸಿರು ಬಿಟ್ಟೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಮೊದಲು ಬಂದದ್ದು ನಿರಾಳ.

"ಹಾಗಾದ್ರೆ ನಿಮಗೇ ಗೊತ್ತುಂಟು! ನೋಡಿ, ಎಲ್ಲ ಸರಿ ಉಂಟಾ?" ಲೀಲಾಕ್ಷಿ ಆಕೆಯ ಕೈ ಹಿಡಿದು ಎಲೆಯ ಮುಂದೆ ಕೂರಿಸಿದರು.

"ಚಿಪ್ಸ್ ಬರೋಬ್ಬರಿ ಅದಾವ್ರಿ. ಎಣ್ಣಿಗಾಯಿ ಬ್ಯಾಡಾಗಿತ್ತು."

"ಯಾಕೆ? ಹಂಸಾ ಅವರೇ ಹೇಳಿದ್ದು."

"ಬದ್ನಿಕಾಯಿ ಆಕಿಗೆ ಆಗ್ತಿದ್ದಿಲ್ರಿ. ತಿಂದ್ರ ಮೈಯೆಲ್ಲ ದದ್ದು ಏಳ್ತಿದ್ದುವು. ಮಗಳಿಗೆ ಅದಂದ್ರ ಜೀವ. ಅದಕ್ಕ ವಾರಕ್ಕ ಎರಡ ಸಲ ಮಾಡಾಕಿ. ಹುಡುಗಿ ಒಬ್ಬಾಕಿನೇ ಕುಂತು ಉಣ್ಣಬಾರದಂತ ತಾನೂ ಎದುರಿಗೆ ಕುಂತು ತಿನ್ನಾಕಿ. ಆಮ್ಯಾಲೆ ಗುಳಿಗಿ ನುಂಗಾಕಿ."

"ಒಳ್ಳೆಯ ಹೆಂಗಸು ಅಲ್ವಾ?"

"ಇದ್ಲರಿ. ನಾಟಕ ಸ್ವಲ್ಪ ಹೆಚ್ಚಿತ್ತು," ಎಂದು ಎದ್ದಳು. "ನಾ ಇನ್ನ ಹೊಕ್ಕೀನ್ರಿ. ಹುಡುಗ್ರು ಬರೂ ಹೊತ್ತಾತು." ಬಗ್ಗಿ ಬೂಟಿಗೆ ಕೈ ಹಾಕಿದಳು.

ದಿನಕ್ಕೆ ಮೂವತ್ತು ಜನರ ಮೈಮೇಲಿನ ದದ್ದು ನೋಡಿ ಹೆಸರು ಹೇಳುವ ವೈದ್ಯೆ ನಾನು. ಎದುರಿಗೆ ಕೂತು ಇಪ್ಪತ್ತು ವರ್ಷ ಉಂಡವಳ ಕೈ ನೋಡಿರಲಿಲ್ಲ. ನನ್ನ ಮೇಲೆ ನನಗೆ ಎಷ್ಟು ಹೇಸಿಗೆಯಾಯಿತೆಂದರೆ ತನ್ವಿಯ ಮದುವೆಯೂ ನೆನಪಾಗಲಿಲ್ಲ.

"ಇವಳು ಅಡುಗೆಯವಳಲ್ಲ," ಎಂದೆ. "ನನ್ನ ಅಮ್ಮ. ಹೆತ್ತವಳು ನನಗೆ ಎರಡು ವರ್ಷವಿದ್ದಾಗಲೇ ಹೋದಳು, ಬೆಳೆಸಿದವಳು ಇವಳು. ಇಷ್ಟು ದಿನ ನಾನು ಹೇಳಿದ್ದೆಲ್ಲ ಇವಳದ್ದೇ. ಇವಳು ಸತ್ತಿಲ್ಲ. ದೋಣಿಯಲ್ಲಿ ಬೊಂಬೆಯಾಟ ಆಡಿಸುವವನನ್ನು ಮದುವೆಯಾದಳು ಅಂತ ನಾನು ಸಾಯಿಸಿದೆ."

ಲೋಕಯ್ಯ ಚಿಪ್ಸಿನ ಖಾಲಿ ಕಾಗದವನ್ನು ಮಡಿಸತೊಡಗಿದರು. ಲೀಲಾಕ್ಷಿ ಸೌಟನ್ನು ಕೆಳಗಿಟ್ಟರು. ಚಂದ್ರಪ್ರಭಾಗೆ ಮಾತ್ರ ನನ್ನ ಮೇಲೆ ಕೋಪ ಬಂತು. "ಎಷ್ಟು ಚಂದ ನಡೆಸಿದ್ದೆ, ನಡುವೆ ಬಾಯಿ ಹಾಕಿ ಕೆಡಿಸಿದಿಯಲ್ಲೇ!" ಎಂದು ಮೈಸೂರು ಕನ್ನಡದಲ್ಲಿ ಗದರಿದಳು.

"ದೋಣಿಯವರನ್ನು ಮದುವೆಯಾದದ್ದು ನಮಗೆ ಎಂತದೂ ಅಲ್ಲ," ಎಂದರು ಲೀಲಾಕ್ಷಿ ನಿಧಾನವಾಗಿ. "ನಮ್ಮ ಅಜ್ಜಂದಿರೆಲ್ಲ ದೋಣಿಯವರೇ. ಬದುಕಿದ್ದ ತಾಯಿಗೆ ಎಲೆ ಹಾಕಿಸಿದ ಮನೆಯಿಂದ ಹುಡುಗಿ ತರುವುದಾ ಅಂತ ನಾನು ಆಲೋಚನೆ ಮಾಡ್ಬೇಕು ಹಂಸಾ."

ಲೀಲಾಕ್ಷಿ ಎಲೆಯತ್ತ ತಿರುಗಿದರು, ರೊಟ್ಟಿ, ಎಣ್ಣೆಗಾಯಿ, ಚಿಪ್ಸ್ ಎಲ್ಲವನ್ನೂ ಒಂದು ಪಾತ್ರೆಗೆ ತೆಗೆದರು, ಬೇರೆ ಎಲೆ ತಂದು ನೀರು ಚಿಮುಕಿಸಿ ಹಾಕಿದರು.

"ಎಲೆ ಖಾಲಿ ಬಿಡ್ಲಿಕ್ಕಿಲ್ಲ. ನಿಮ್ಮನ್ನು ಹೆತ್ತ ತಾಯಿ ತೀರಿಕೊಂಡದ್ದು ಹೌದಲ್ವಾ? ಅವರಿಗೇ ಬಡಿಸುವ. ಅವರಿಗೆ ಎಂತ ಇಷ್ಟ ಇತ್ತು?"

ನನಗೆ ಗೊತ್ತಿರಲಿಲ್ಲ.

"ಗೊಜ್ಜವಲಕ್ಕಿ," ಎಂದಳು ಚಂದ್ರಪ್ರಭಾ. "ಹುಣಿಸೆ ಮುಂದಾಗಿ ಇರಬೇಕು, ಬೆಲ್ಲ ಕಮ್ಮಿ. ಜೊತೆಗೆ ಗಟ್ಟಿ ಮೊಸರು. ಅವಲಕ್ಕಿ ಇದೆಯೇನೇ ಮನೇಲಿ?"

"ನಿನಗೆ ಹೇಗೆ ಗೊತ್ತು?" ಎಂದೆ.

"ಮದುವೆಯಾದ ವಾರವೇ ನಿಮ್ಮಪ್ಪನನ್ನು ಕೂರಿಸಿಕೊಂಡು ಎಲ್ಲ ಕೇಳಿ ಇಟ್ಟುಕೊಂಡಿದ್ದೆ. ಅವಳು ಏನು ತಿನ್ನುತ್ತಿದ್ದಳು, ಹೇಗೆ ನಗುತ್ತಿದ್ದಳು, ನಿನ್ನನ್ನು ಏನಂತ ಕರೀತಿದ್ದಳು. ದೊಡ್ಡವಳಾದ ಮೇಲೆ ನೀನು ಕೇಳಿದರೆ ಹೇಳೋಕೆ ಬೇಕಲ್ಲ ಅಂತ."

ಆಕೆ ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬಿ ತೆರೆದು ಅವಲಕ್ಕಿ ಹುಡುಕತೊಡಗಿದಳು. ನನಗೆ ನಲವತ್ತೊಂಬತ್ತು ವರ್ಷ. ನಾನು ಒಂದು ದಿನವೂ ಕೇಳಿರಲಿಲ್ಲ.